ಗಾಯಕ್ಕೊಂದು ಕಂದು ಬಣ್ಣ

ನಮ್ಮ ಕಡೆ ಒಬ್ಬರ ಕೈಕಾಲು ನೋಡಿದರೆ ಸಾಕು, ಅವರ ಕಸುಬನ್ನೂ ಸುಮಾರಾಗಿ ಊರನ್ನೂ ಹೇಳಿಬಿಡಬಹುದು. ಎಡಗೈ ಹೆಬ್ಬೆರಳ ಬುಡದಲ್ಲಿ ಸಣ್ಣ ಸಣ್ಣ ಗೀರುಗಳು ಒಂದರ ಮೇಲೊಂದು ಕೂತಿದ್ದರೆ ಅವರು ಅಥಣಿ ಕಡೆಯ ಚಪ್ಪಲಿ ಮಾಡುವವರು. ತೊಗಲು ಕೊಯ್ಯುವಾಗ ರಂಪಿಗೆ ಜಾರಿದ ಗುರುತು ಅದು. ಬೆರಳ ತುದಿಯ ಚರ್ಮ ಕತ್ತರಿಗೆ ಸಿಕ್ಕು ಸಿಕ್ಕು ಗಟ್ಟಿಯಾಗಿದ್ದರೆ ನಿಪ್ಪಾಣಿಯಲ್ಲಿ ಎಲೆ ಕತ್ತರಿಸಿ ಬೀಡಿ ಕಟ್ಟುವ ಹೆಣ್ಣುಮಗಳು. ಮುಂಗೈ ಮೇಲೆ ಬ್ಲೇಡಿನಿಂದ ಎಳೆದ ಹಾಗೆ ತೆಳ್ಳನೆಯ ಗೆರೆಗಳು, ಮೊಣಕಾಲಿನ ಕೆಳಗೊಂದು ಉದ್ದನೆಯ ಕಲೆ ಇದ್ದರೆ ಕಬ್ಬಿನವರು. ಅಂಥವರು ಚಿಕ್ಕೋಡಿ, ರಾಯಬಾಗ, ಕಾಗವಾಡ ಎಲ್ಲಿ ಬೇಕಾದರೂ ಸಿಗುತ್ತಾರೆ. ಕಬ್ಬಿನ ಎಲೆಯ ಅಂಚು ಎಷ್ಟು ಹರಿತ ಎಂಬುದು ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ. ಸಕ್ಕರೆಯ ಗಿಡ ಇಷ್ಟು ಕಚ್ಚುತ್ತದೆಯೇ ಎಂದು ನಗುತ್ತಾರೆ.

ಈ ಎಲ್ಲ ಮನೆಗಳಲ್ಲೂ ಈಗ ಒಂದು ಸಾಮಾನು ಸಮಾನವಾಗಿ ಸಿಗುತ್ತದೆ. ದೇವರ ಜಗಲಿಯ ಪಕ್ಕದ ಗೂಡಿನಲ್ಲೋ, ಟೀವಿಯ ಮೇಲೋ, ಟ್ರ್ಯಾಕ್ಟರಿನ ಸೀಟಿನ ಕೆಳಗಿನ ಪಾನಾ ಪೆಟ್ಟಿಗೆಯಲ್ಲೋ, ನಡುವೆ ಹಿಚುಕಿ ಸೊಟ್ಟಗಾದ ಒಂದು ಸಣ್ಣ ಟ್ಯೂಬು. ಒಳಗಿರುವುದು ಕಂದು ಬಣ್ಣದ ಮುಲಾಮು. ಔಷಧದ ನಿಜವಾದ ಹೆಸರು ಪೊವಿಡೋನ್ ಅಯೋಡಿನ್. ಯಾವ ಕಂಪನಿಯದೇ ಇರಲಿ, ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದು ಬೆಟಾಡಿನ್. ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ.

ಚಿಕ್ಕೋಡಿಯಲ್ಲಿ ನನ್ನ ಸೋದರಮಾವನ ಮಗನ ಔಷಧಿ ಅಂಗಡಿ ಇದೆ. ಅವನು ನನಗಿಂತ ದೊಡ್ಡವನು, ಅಣ್ಣ ಎನ್ನುತ್ತೇನೆ. ರಜೆಗೆ ಊರಿಗೆ ಹೋದಾಗ ಸಂಜೆ ಹೊತ್ತು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂರುವುದು ನನ್ನ ಹಳೆಯ ಚಟ. ಕಬ್ಬಿನ ಹಂಗಾಮು ಶುರುವಾದರೆ ಸಾಕು, ಸಂಜೆ ಆರರಿಂದ ಎಂಟರವರೆಗೆ ಒಂದೇ ಮಾತು ಕೇಳುತ್ತಿರುತ್ತದೆ. "ಅಣ್ಣಾರ, ಒಂದ್ ಸಣ್ಣ ಬೆಟಾಡಿನ್ ಕೊಡ್ರಿ." ಅಣ್ಣ ಟ್ಯೂಬು ಕೈಗೆ ಕೊಡುವ ಮೊದಲು ಮೂರು ಪ್ರಶ್ನೆ ಕೇಳುತ್ತಾನೆ. "ಯಾರಿಗ್ರಿ? ಯಾತರಿಂದ ಆಗೇತಿ? ಎಷ್ಟ ದಿನ ಆತು?" ಹೆಚ್ಚಿನವರು ಈ ಪ್ರಶ್ನೆಗಳಿಗೆ ಸಿಡುಕುತ್ತಾರೆ. ಚಿಲ್ಲರೆ ಹಿಡಿದ ಕೈ ಮುಂದೆಯೇ ಇರುತ್ತದೆ. ಮುಲಾಮು ಕೊಳ್ಳಲು ಬಂದವರಿಗೆ ವಿಚಾರಣೆ ಬೇಡ. ಆದರೆ ಆ ಮೂರು ಪ್ರಶ್ನೆಗಳಲ್ಲಿಯೇ ಈ ಔಷಧದ ಅರ್ಧ ಶಾಸ್ತ್ರ ಅಡಗಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಟ್ಯೂಬು ಬರುವ ಮೊದಲು ಗಾಯಕ್ಕೆ ನಮ್ಮಲ್ಲಿ ಏನೇನು ಬೀಳುತ್ತಿತ್ತು ಎಂದು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಮೊದಲನೆಯದು ಅರಿಶಿಣ. ಅದರ ಬಗ್ಗೆ ನಮ್ಮವರಿಗೆ ಅಭಿಮಾನವೂ ಇದೆ. ರಾಯಬಾಗ ತಾಲೂಕಿನ ಅರಿಶಿಣ, ಗಡಿಯಾಚೆಗಿನ ಸಾಂಗಲಿಯ ಪೇಟೆ, ಹೊಲದಲ್ಲಿ ಕುದಿಸುವ ಆ ವಾಸನೆ, ಎಲ್ಲ ನಮ್ಮ ಬಾಲ್ಯದ ಭಾಗ. ನಮ್ಮ ಆಯಿ ಯಾರಿಗೆ ಏನು ಕೊಯ್ದರೂ "ಅರಿಷಿಣ ಒತ್ತ, ರಕ್ತ ನಿಂದರತೈತಿ" ಎನ್ನುತ್ತಿದ್ದಳು. ಒತ್ತಿದರೆ ರಕ್ತ ನಿಲ್ಲುತ್ತಿತ್ತು. ಅದರಲ್ಲಿ ಅರಿಶಿಣದ ಪಾಲೆಷ್ಟು, ಒತ್ತಿದ ಹೆಬ್ಬೆರಳಿನ ಪಾಲೆಷ್ಟು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಅರಿಶಿಣಕ್ಕೆ ತನ್ನ ಗುಣವಿದೆ. ಆದರೆ ಅಡುಗೆಮನೆಯ ಡಬ್ಬಿಯಲ್ಲಿ ಹಸಿ ಚಮಚ ಬಿದ್ದು ಎದ್ದು ಬಂದ ಪುಡಿ ಸ್ವಚ್ಛವಾಗಿರುತ್ತದೆ ಎಂದು ಹೇಳುವುದು ಕಷ್ಟ. ನಿಪ್ಪಾಣಿ ಭಾಗದಲ್ಲಿ ತಂಬಾಕಿನ ಪುಡಿ ಒತ್ತುವವರಿದ್ದರು. ಎಲೆ ಅಡಿಕೆಯ ಸುಣ್ಣ, ಚಹಾಪುಡಿ, ಸುಟ್ಟ ಬಟ್ಟೆಯ ಬೂದಿ, ಸೀಮೆಎಣ್ಣೆ, ಗ್ಯಾರೇಜಿನ ಹುಡುಗರಿದ್ದರೆ ಗಾಡಿಯ ಗ್ರೀಸು. ಏನೂ ಇಲ್ಲದಿದ್ದರೆ ಹೊಲದ ಮಣ್ಣು. ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಧನುರ್ವಾಯುವಿನ ಬೀಜಾಣು ಮಲಗಿರುತ್ತದೆ. ಅದಕ್ಕೆ ಗಾಳಿಯಾಡದ ಆಳವಾದ ಗಾಯವೇ ಬೇಕು. ನಾವು ಅದನ್ನು ಕೈಯಾರೆ ತೆಗೆದು ಅಲ್ಲಿಗೇ ತುಂಬುತ್ತಿದ್ದೆವು.

ಶಾಲೆಯಲ್ಲಿ ಮಾತ್ರ ಬೇರೆ ಔಷಧ. ಹೆಡ್‌ಮಾಸ್ತರರ ಕಪಾಟಿನಲ್ಲಿ ಎರಡು ಬಾಟಲಿ ಇರುತ್ತಿದ್ದವು. ಒಂದು ಕೆಂಪು ಔಷಧ, ಮರ್ಕ್ಯುರೋಕ್ರೋಮ್. ಹಚ್ಚಿಕೊಂಡರೆ ಯುದ್ಧದಿಂದ ಬಂದವರಂತೆ ಕಾಣುತ್ತಿದ್ದೆವು. ಆಟದಲ್ಲಿ ಬಿದ್ದವನಿಗೆ ಅದೊಂದು ಪದಕ. ಅದರಲ್ಲಿ ಪಾದರಸ ಇತ್ತು ಎಂಬುದು ಆಗ ಗೊತ್ತಿರಲಿಲ್ಲ. ಆ ಕಾರಣಕ್ಕೇ 1998ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಸುರಕ್ಷಿತ ಔಷಧಗಳ ಸಾಲಿನಿಂದ ಕೈಬಿಟ್ಟರು. ಇನ್ನೊಂದು ಬಾಟಲಿ ಟಿಂಚರ್. ಟಿಂಚರ್ ಎಂದರೆ ಸಾಕು, ಅಳುತ್ತಿದ್ದವರು ಅಳು ನಿಲ್ಲಿಸಿ ಓಡುತ್ತಿದ್ದರು. ಅದು ಅಯೋಡಿನ್ನನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ದ್ರಾವಣ. ಹಸಿ ಗಾಯಕ್ಕೆ ಬಿದ್ದರೆ ಬೆಂಕಿ.

ಈ ಅಯೋಡಿನ್ನಿನ ಹುಟ್ಟು ಗುಣಪಡಿಸುವ ಕೆಲಸದಲ್ಲಿ ಆದದ್ದಲ್ಲ, ಕೊಲ್ಲುವ ಕೆಲಸದಲ್ಲಿ ಆದದ್ದು. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬಾತ ನೆಪೋಲಿಯನ್ನನ ಯುದ್ಧಗಳಿಗೆ ಬೇಕಾದ ಮದ್ದಿನ ಉಪ್ಪು ತಯಾರಿಸುತ್ತಿದ್ದ. ಅದಕ್ಕಾಗಿ ಸಮುದ್ರದ ಪಾಚಿಯನ್ನು ಸುಟ್ಟ ಬೂದಿ ಬಳಸುತ್ತಿದ್ದ. ಒಂದು ದಿನ ಆ ಬೂದಿಯ ಗಸಿಗೆ ಗಂಧಕಾಮ್ಲ ಹೆಚ್ಚಾಗಿ ಬಿದ್ದು ನೇರಳೆ ಬಣ್ಣದ ಹೊಗೆ ಎದ್ದಿತು. ತಣ್ಣಗಿನ ಪಾತ್ರೆಗೆ ತಾಗಿದಲ್ಲಿ ಕಪ್ಪು ಹರಳಾಗಿ ಕೂತಿತು. ಗ್ರೀಕ್ ಭಾಷೆಯ ನೇರಳೆ ಎಂಬ ಮಾತಿನಿಂದಲೇ ಅದಕ್ಕೆ ಅಯೋಡಿನ್ ಎಂಬ ಹೆಸರು. ಮೊದಲ ಮಹಾಯುದ್ಧದ ಗಾಯಾಳುಗಳಿಗೆಲ್ಲ ಟಿಂಚರ್ ಬಳಿದರು. ಸೂಕ್ಷ್ಮಜೀವಿಗಳನ್ನು ಕೊಲ್ಲುವುದರಲ್ಲಿ ಅದಕ್ಕೆ ಎರಡನೆಯ ಮಾತಿಲ್ಲ. ಆದರೆ ಉರಿ, ಚರ್ಮ ಸುಡುವುದು, ಕಲೆ, ಈ ಮೂರೂ ಅದರ ಜೊತೆಗೇ ಬರುತ್ತಿದ್ದವು.

ಅದನ್ನು ಪಳಗಿಸಿದ್ದು 1955ರಲ್ಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶೆಲಾನ್ಸ್ಕಿ ಎಂಬ ಹೆಸರಿನ ಇಬ್ಬರು ಅಯೋಡಿನ್ನನ್ನು ಪೊವಿಡೋನ್ ಎಂಬ, ನೀರಿನಲ್ಲಿ ಕರಗುವ ಉದ್ದ ಸರಪಳಿಯಂಥ ವಸ್ತುವಿಗೆ ಕಟ್ಟಿಹಾಕಿದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಹೋರಿಗೆ ಮೂಗುದಾರ ಹಾಕಿದರು. ಬಲ ಹೋಗಲಿಲ್ಲ, ಹಾಯುವುದು ಮಾತ್ರ ಕಡಿಮೆಯಾಯಿತು. ಪೊವಿಡೋನ್ ತನ್ನ ಕೈಯಲ್ಲಿರುವ ಅಯೋಡಿನ್ನನ್ನು ಒಮ್ಮೆಲೇ ಸುರಿಯುವುದಿಲ್ಲ, ಬೇಕಾದಷ್ಟೇ ಬಿಡುತ್ತಾ ಹೋಗುತ್ತದೆ. ಅದಕ್ಕೇ ಉರಿ ಇಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರ, ಅನೇಕ ವೈರಸ್ಸುಗಳು ಇದಕ್ಕೆ ಬಗ್ಗುತ್ತವೆ. ಪ್ರತಿಜೀವಕ ಔಷಧಗಳಿಗೆ ಬ್ಯಾಕ್ಟೀರಿಯಾ ಒಗ್ಗಿಕೊಂಡ ಹಾಗೆ ಇದಕ್ಕೆ ಒಗ್ಗಿಕೊಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಕ್ಕಿರುವುದು ಸುಮ್ಮನೆ ಅಲ್ಲ.

ಅದರ ಬಣ್ಣಕ್ಕೂ ಒಂದು ಅರ್ಥವಿದೆ. ಕಂದು ಬಣ್ಣ ಇರುವವರೆಗೆ ಅಯೋಡಿನ್ ಕೆಲಸದಲ್ಲಿದೆ ಎಂದು ಲೆಕ್ಕ. ಬಣ್ಣ ಮಾಸಿ ಹಳದಿಯಾಗಿ ಬೆಳ್ಳಗಾಯಿತೆಂದರೆ ಅದರ ಬಲ ಮುಗಿದಿದೆ. ಕೀವು, ರಕ್ತ, ಕೊಳೆ ಹೆಚ್ಚಿದ್ದಷ್ಟೂ ಬಣ್ಣ ಬೇಗ ಮಾಸುತ್ತದೆ. ಅಂದರೆ ತೊಳೆಯದ ಗಾಯಕ್ಕೆ ಹಚ್ಚಿದ ಮುಲಾಮು ರೋಗಾಣುಗಳ ಹತ್ತಿರ ಹೋಗುವ ಮೊದಲೇ ಕೊಳೆಯ ಜೊತೆ ಗುದ್ದಾಡಿ ಸುಸ್ತಾಗುತ್ತದೆ. ನಮ್ಮೂರಿನ ಉಪಕೇಂದ್ರಕ್ಕೆ ಬರುವ ಸಿಸ್ಟರ್ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರ ಕಾಲು ನೋಡಿ, "ತೊಳಿಲಾರದ ಗಾಯಕ್ಕ ಮಲಾಮ ಹಚ್ಚೂದು ಅಂದ್ರ, ಮಾರಿ ತೊಳಕೊಳ್ಳಲಾರದ ಪೌಡರ್ ಹಚ್ಚಿದಂಗ್ರಿ ಅಜ್ಜಾರ. ಮ್ಯಾಲ ಬೆಳ್ಳಗ, ಒಳಗ ಹಂಗ." ಕಟ್ಟೆ ತುಂಬ ನಕ್ಕಿತು. ಅಜ್ಜ ಮಾತ್ರ ನಗಲಿಲ್ಲ, ನಲ್ಲಿಯ ಕಡೆ ನಡೆದರು.

ನಗುವಿನ ಮಾತು ನಮ್ಮ ಮನೆಯಲ್ಲಿ ನಗುವಾಗಿ ಉಳಿಯಲಿಲ್ಲ. ನಮ್ಮ ಕಾಕಾನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿತ್ತು. ಕಬ್ಬು ಬೆಳೆಯುವವನಿಗೆ ಸಕ್ಕರೆ ಬಾರದೆ ಇನ್ನಾರಿಗೆ ಬರಬೇಕು ಎಂದು ತಾನೇ ತಮಾಷೆ ಮಾಡುತ್ತಿದ್ದ. ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಒಂದು ನವೆಂಬರ್‌ನಲ್ಲಿ ಕಡಿದ ಹೊಲದಲ್ಲಿ ರವದಿ ಸರಿಸುತ್ತಾ ನಡೆಯುವಾಗ ಕೂಳೆಯ ಮೊನೆ ಎಡಗಾಲಿನ ಬೆರಳುಗಳ ಬುಡಕ್ಕೆ ಚುಚ್ಚಿತು. ಕೂಳೆ ಎಂದರೆ ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಮೋಟು. ಕೊಯ್ತಾದ ಏಟಿಗೆ ಓರೆಯಾಗಿ ಕತ್ತರಿಸಿದ್ದರೆ ಅದು ಭರ್ಜಿಯೇ. ಕಾಕಾ ಅದನ್ನು ಕಿತ್ತೆಸೆದ, ಧೋತರದ ತುದಿಯಿಂದ ಒರೆಸಿದ, ಮನೆಗೆ ಬಂದು ಗೂಡಿನಲ್ಲಿದ್ದ ಟ್ಯೂಬು ತೆಗೆದು ಹಚ್ಚಿದ.

ಮರುದಿನವೂ ಹಚ್ಚಿದ. ಅದರ ಮರುದಿನವೂ. ಕಾಕಿ ದವಾಖಾನೆಗೆ ಹೋಗೋಣ ಎಂದರೆ ಅವನದು ಒಂದೇ ಉತ್ತರ, "ಬೆಟಾಡಿನ್ ಹಚ್ಚೇನಲ್ಲ. ನೋವ ಇಲ್ಲ, ಏನಿಲ್ಲ. ನೋವ ಇದ್ರ ನಾ ಹೇಳ್ತಿದ್ದಿಲ್ಲೇನು?" ಆ ಮಾತು ಪೂರಾ ನಿಜವಾಗಿತ್ತು, ಅದೇ ಅಪಾಯವಾಗಿತ್ತು. ವರ್ಷಗಟ್ಟಲೆ ಸಕ್ಕರೆ ಏರಿಳಿದ ಕಾಲಿನಲ್ಲಿ ನರಗಳು ಸುದ್ದಿ ಮುಟ್ಟಿಸುವುದನ್ನು ಬಿಟ್ಟಿರುತ್ತವೆ. ನೋವು ನಮ್ಮ ಮನೆಯ ನಾಯಿಯ ಹಾಗೆ. ಅದು ಬೊಗಳಲಿಲ್ಲವೆಂದರೆ ಕಳ್ಳ ಬಂದಿಲ್ಲವೆಂದು ಅರ್ಥವಲ್ಲ. ಹೊರಗಿನ ಸಣ್ಣ ತೂತು ಮುಲಾಮಿನ ಕೆಳಗೆ ಚೆಂದವಾಗಿ ಮುಚ್ಚಿಕೊಂಡಿತು. ಒಳಗೆ ಉಳಿದಿದ್ದ ಕಬ್ಬಿನ ಸಿಬಿರು ಕೀವು ಕಟ್ಟುತ್ತಾ ಹೋಯಿತು. ಎಂಟನೆಯ ದಿನ ಮೊದಲು ತಿಳಿದದ್ದು ಕಾಕಿಗೆ, ವಾಸನೆಯಿಂದ.

ನಮ್ಮ ಭಾಗದವರಿಗೆ ದೊಡ್ಡ ಜಡ್ಡು ಎಂದರೆ ಮಿರಜ. ಇದು ಇಂದು ನಿನ್ನೆಯ ರೂಢಿಯಲ್ಲ. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಕೃಷ್ಣೆಯ ಎರಡೂ ದಂಡೆಯ ಜನ, ಕನ್ನಡದವರು ಮರಾಠಿಯವರು ಎನ್ನದೆ, ಚಕ್ಕಡಿಯಲ್ಲಿ, ರೈಲಿನಲ್ಲಿ, ಈಗ ಜೀಪಿನಲ್ಲಿ ಅತ್ತ ಹೋಗುತ್ತಲೇ ಇದ್ದಾರೆ. ಭಾಷೆಯ ಗಡಿ, ರಾಜ್ಯದ ಗಡಿ ಏನೇ ಇರಲಿ, ಗಾಯಕ್ಕೆ ಗಡಿ ಇಲ್ಲ. ಕಾಕಾನನ್ನೂ ಅಲ್ಲಿಗೇ ಒಯ್ದೆವು. ಎರಡು ಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಶಸ್ತ್ರಕ್ರಿಯೆ ಮಾಡಿದ ವೈದ್ಯರನ್ನು ನಮ್ಮ ತಮ್ಮ ಕೇಳಿದ, ಎಂಟು ದಿನ ಔಷಧ ಹಚ್ಚಿದರೂ ಹೀಗೇಕಾಯಿತು ಎಂದು. ಅವರು ಬೇಸರವಿಲ್ಲದೆ ಹೇಳಿದರು, "ಔಷಧದ್ದೇನೂ ತಪ್ಪಿಲ್ಲ. ಔಷಧ ಮೇಲಿತ್ತು, ರೋಗ ಕೆಳಗಿತ್ತು."

ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಮುಲಾಮು ಚರ್ಮದ ಮೇಲಿನ ಔಷಧ. ತರಚಿದ್ದು, ಗೀರಿದ್ದು, ಸಣ್ಣಗೆ ಕೊಯ್ದದ್ದು, ಬೆರಳಗಲದ ಸಣ್ಣ ಸುಟ್ಟಗಾಯ, ಇವು ಅದರ ರಾಜ್ಯ. ಕೂಳೆ, ಮೊಳೆ, ಮುಳ್ಳು, ದಬ್ಬಳ ಚುಚ್ಚಿದ ಆಳದ ಗಾಯ ಅದರ ರಾಜ್ಯವಲ್ಲ. ಅಂಚು ಬಾಯಿ ಬಿಟ್ಟು ಹೊಲಿಗೆ ಬೇಡುವ ಗಾಯ, ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ, ಕಣ್ಣಿನ ಹತ್ತಿರದ ಗಾಯ, ದೊಡ್ಡ ಸುಟ್ಟಗಾಯ, ಸಕ್ಕರೆ ಕಾಯಿಲೆಯವರ ಪಾದದ ಯಾವುದೇ ಗಾಯ, ಇವೆಲ್ಲ ನೇರವಾಗಿ ವೈದ್ಯರದು. ಮನೆಯಲ್ಲಿ ಹಚ್ಚುತ್ತಿರುವ ಸಣ್ಣ ಗಾಯವೂ ಸುತ್ತ ಕೆಂಪೇರಿ ಹಬ್ಬತೊಡಗಿದರೆ, ಮುಟ್ಟಿದರೆ ಬಿಸಿ ಎನಿಸಿದರೆ, ಕೀವು ಕಂಡರೆ, ಜ್ವರ ಬಂದರೆ, ಕೈಕಾಲಿನ ಮೇಲೆ ಕೆಂಪು ಗೆರೆ ಏರಿದರೆ, ಇನ್ನೊಂದು ಟ್ಯೂಬು ತರುವ ಹೊತ್ತಲ್ಲ ಅದು.

ಹಚ್ಚುವ ಕ್ರಮ ಎಷ್ಟು ಸರಳವೆಂದರೆ ಯಾರೂ ಅದನ್ನು ಪಾಲಿಸುವುದಿಲ್ಲ. ಮೊದಲು ಸೋಪಿನಿಂದ ನಮ್ಮ ಕೈ. ಆಮೇಲೆ ಹರಿಯುವ ಶುದ್ಧ ನೀರಿನಲ್ಲಿ ಗಾಯ, ಮಣ್ಣು ಕಸ ಕಾಣದಾಗುವವರೆಗೆ. ಸುತ್ತಲಿನ ಚರ್ಮಕ್ಕೆ ಸೋಪು. ಸ್ವಚ್ಛ ಬಟ್ಟೆಯಿಂದ ಒತ್ತಿ ಒಣಗಿಸಿ, ಮುಲಾಮನ್ನು ತೆಳುವಾಗಿ ಹಚ್ಚುವುದು. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ದಪ್ಪ ಬೇಡ. ಮೇಲೆ ಸ್ವಚ್ಛ ಗಾಜ್ ಬಟ್ಟೆಯ ಪಟ್ಟಿ. ದಿನಕ್ಕೊಮ್ಮೆ, ಅಥವಾ ಪಟ್ಟಿ ಒದ್ದೆಯಾದಾಗ, ಹಳೆಯದನ್ನು ನೀರಿನಿಂದ ತೊಳೆದು ಹೊಸದು. ಈ ಮುಲಾಮಿನ ಜಿಡ್ಡು ಎಣ್ಣೆಯದಲ್ಲ, ನೀರಿನಲ್ಲಿ ಕರಗಿ ಹೋಗುತ್ತದೆ, ಉಜ್ಜಬೇಕಾಗಿಲ್ಲ. ಗಂಜಿ ಹಾಕಿದ ಧೋತರಕ್ಕೆ ತಾಗಿ ಕಡುನೀಲಿ ಕಲೆಯಾದರೆ ಹೆದರಬೇಕಾಗಿಲ್ಲ. ಪಿಷ್ಟಕ್ಕೆ ಅಯೋಡಿನ್ ಬಿದ್ದರೆ ಹಾಗೆಯೇ. ಹೈಸ್ಕೂಲಿನಲ್ಲಿ ಬಟಾಟಿಯ ಮೇಲೆ ಹನಿ ಹಾಕಿ ನೋಡಿದ್ದು ಅದನ್ನೇ.

ಪಟ್ಟಿ ಎಂದರೆ ನಮ್ಮವರಿಗೆ ಆಗುವುದಿಲ್ಲ. "ಗಾಯಕ್ಕ ಗಾಳಿ ಬಡೀಬೇಕು, ಒಣಗಬೇಕು" ಎಂಬುದು ಹಳೆಯ ನಂಬಿಕೆ. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲಿ ಹಂದಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ತಲೆಕೆಳಗು ಮಾಡಿತು. ಮುಚ್ಚಿ ಹಸಿ ಉಳಿಸಿದ ಗಾಯದ ಮೇಲೆ ಹೊಸ ಚರ್ಮ, ಒಣಗಿ ಹಕ್ಕಳೆ ಕಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹಬ್ಬಿತ್ತು. ಬಿತ್ತಿದ ಬೀಜಕ್ಕೆ ಹಸಿ ಬೇಕು ಎಂದು ತಿಳಿದ ರೈತನಿಗೆ ಇದನ್ನು ಒಪ್ಪಿಸುವುದು ಕಷ್ಟವಾಗಬಾರದು. ಆದರೆ ಹಸಿ ಬೇರೆ, ಕೆಸರು ಬೇರೆ. ಪಟ್ಟಿ ತೊಯ್ದು ತೊಪ್ಪೆಯಾದರೆ ಬದಲಾಯಿಸಲೇಬೇಕು. ಇನ್ನೊಂದು ಸಂಗತಿಯೂ ಇದೆ. ರೋಗಾಣುವನ್ನು ಕೊಲ್ಲುವ ಅಯೋಡಿನ್ ಹೊಸದಾಗಿ ಹುಟ್ಟುವ ಚರ್ಮದ ಎಳೆ ಕೋಶಗಳಿಗೂ ಪೂರ್ತಿ ಮಿತ್ರನಲ್ಲ. ಹಾಗಾಗಿ ಗಾಯ ಸ್ವಚ್ಛವಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೂ ವಾರಗಟ್ಟಲೆ ಹಚ್ಚುತ್ತಾ ಕೂರಬಾರದು. ಕಳೆ ತೆಗೆದ ಮೇಲೂ ಕಳೆನಾಶಕ ಹೊಡೆಯುವವರುಂಟೇ?

ಅಣ್ಣನ ಅಂಗಡಿಯಲ್ಲಿ ಒಮ್ಮೆ ಬಾಣಂತಿಯೊಬ್ಬಳ ಅತ್ತೆ ಕೂಸಿನ ಹೊಕ್ಕುಳಿಗೆಂದು ಇದೇ ಟ್ಯೂಬು ಕೇಳಿದಾಗ ಅವನು ಕೊಡಲಿಲ್ಲ. ಆಕೆ ಬೈದುಕೊಂಡು ಹೋದಳು. ಕೊಡದಿದ್ದ ಕಾರಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಅದು ಉಪ್ಪಿನಿಂದ ಬರುತ್ತದೆ. ಶೇಕಡಾ 10ರ ಪೊವಿಡೋನ್ ಅಯೋಡಿನ್‌ನಲ್ಲಿ ಕೆಲಸಕ್ಕೆ ಬರುವ ಅಯೋಡಿನ್ ಶೇಕಡಾ 1. ಅಂದರೆ ಒಂದು ಗ್ರಾಂ ಮುಲಾಮಿನಲ್ಲಿ 10,000 ಮೈಕ್ರೋಗ್ರಾಂ, ಎರಡು ತಿಂಗಳಿಗೂ ಮೀರಿದ ಪಾಲು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಶೇಕಡಾ 5ರದ್ದಾದರೂ ಒಂದು ತಿಂಗಳ ಪಾಲು. ಎಲ್ಲವೂ ಮೈಯೊಳಗೆ ಇಳಿಯುವುದಿಲ್ಲ ನಿಜ. ಆದರೆ ಎಳೆಗೂಸಿನ ಚರ್ಮ ತೆಳು, ಥೈರಾಯ್ಡ್ ಗ್ರಂಥಿ ಇನ್ನೂ ಎಳೆಯದು. ಅಷ್ಟು ಅಯೋಡಿನ್ ಇಳಿದರೆ ಅದು ಕೆಲಸ ನಿಲ್ಲಿಸಿಬಿಡಬಹುದು. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು, ಅಗಲವಾದ ಗಾಯಕ್ಕೆ ಬಹಳ ದಿನ ಹಚ್ಚಬೇಕಾದವರು, ಇವರೆಲ್ಲ ವೈದ್ಯರನ್ನು ಕೇಳಿಯೇ ಬಳಸಬೇಕು. ಹಚ್ಚಿದಲ್ಲಿ ತುರಿಕೆ, ಗುಳ್ಳೆ, ಊತ ಬಂದವರು ತೊಳೆದು ನಿಲ್ಲಿಸಬೇಕು. ಬೆಳ್ಳಿ ಇರುವ ಸುಟ್ಟಗಾಯದ ಮುಲಾಮಿನ ಜೊತೆ, ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬೆರೆಸಬಾರದು. ಒಂದರ ಬಲವನ್ನು ಇನ್ನೊಂದು ತಿನ್ನುತ್ತದೆ.

ಮುಲಾಮು ಲಸಿಕೆಯೂ ಅಲ್ಲ. ಧನುರ್ವಾಯುವಿಗೆ ಚುಚ್ಚುಮದ್ದೇ ಮದ್ದು. ಮಕ್ಕಳಿಗೆ ಹತ್ತು ಮತ್ತು ಹದಿನಾರನೆಯ ವರ್ಷದಲ್ಲಿ ಹಾಕುವ ಟಿಡಿ ಲಸಿಕೆಯ ನಂತರ ನಮ್ಮ ಗಂಡಸರ ಲೆಕ್ಕ ನಿಂತುಹೋಗುತ್ತದೆ. ಹೆಂಗಸರಿಗೆ ಬಸಿರಿನಲ್ಲಾದರೂ ಸಿಗುತ್ತದೆ. ಹೊಲದಲ್ಲಿ ಗಾಯವಾದ ಗಂಡಸು ಕೊನೆಯ ಚುಚ್ಚುಮದ್ದು ಯಾವಾಗ ಎಂದರೆ ಆಕಾಶ ನೋಡುತ್ತಾನೆ. ನಾಯಿ ಕಚ್ಚಿದಾಗಲೂ ಅಷ್ಟೇ. ಹರಿಯುವ ನೀರು ಮತ್ತು ಸೋಪಿನಿಂದ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆದು, ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ, ಪಟ್ಟಿ ಬಿಗಿಯದೆ, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಬೇಕು. ಹಚ್ಚಿದ್ದು ಮೊದಲ ಹೆಜ್ಜೆ, ಅದೇ ಚಿಕಿತ್ಸೆಯಲ್ಲ. ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಯಾವ ಮಿರಜವೂ ಉಳಿಸಲಾರದು.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಉಕ್ಕಿದಾಗ ಈ ಐದೂ ತಾಲೂಕುಗಳ ನದಿದಂಡೆಯ ಊರುಗಳು ನೀರಿಗೆ ಸಿಕ್ಕವು. 2021ರ ಜುಲೈನಲ್ಲಿ ಮತ್ತೆ. ಕಾಳಜಿ ಕೇಂದ್ರವಾಗಿದ್ದ ಶಾಲೆಯೊಂದಕ್ಕೆ ನಾವು ಕೆಲವರು ರೊಟ್ಟಿ, ಹಾಸಿಗೆ ಒಯ್ದಿದ್ದೆವು. ಜೊತೆಗೆ ಅಣ್ಣ ಒಂದು ರಟ್ಟಿನ ಡಬ್ಬಿ ತುಂಬ ಟ್ಯೂಬು ಕೊಟ್ಟಿದ್ದ. ಅಲ್ಲಿ ಪಾದಗಳನ್ನು ನೋಡಿದೆವು. ದಿನಗಟ್ಟಲೆ ನೀರಲ್ಲಿ ನಿಂತು ಬೆರಳ ಸಂದಿ ಬೆಳ್ಳಗಾಗಿ ಬಿರಿದಿದ್ದವು. ತಗಡು, ಗಾಜು, ಮುಳ್ಳುತಂತಿ ಕೊಯ್ದಿದ್ದವು. ದನ ಸತ್ತು ತೇಲಿದ ನೀರದು. ಅಲ್ಲಿದ್ದ ಸಿಸ್ಟರ್ ನಮ್ಮ ಡಬ್ಬಿ ನೋಡಿ ಖುಷಿಪಟ್ಟರೂ ಮೊದಲು ಕೇಳಿದ್ದು ಬೇರೆಯದನ್ನೇ, "ಸೋಪ್ ತಂದೀರೇನ್ರಿ? ಒಣಾ ಟಾವೆಲ್?" ಸುತ್ತಲೂ ಸಮುದ್ರದಷ್ಟು ನೀರು, ಗಾಯ ತೊಳೆಯಲು ಒಂದು ಕೊಡ ಶುದ್ಧ ನೀರಿಲ್ಲ. ಸಂಜೆಯೊಳಗೆ ಚಿಕ್ಕೋಡಿಯಿಂದ ಸೋಪಿನ ಪೆಟ್ಟಿಗೆ ಬಂತು, ಕುಡಿಯುವ ನೀರಿನ ಟ್ಯಾಂಕರೂ ಬಂತು. ಆಮೇಲಷ್ಟೇ ಟ್ಯೂಬುಗಳು ಬಿಚ್ಚಿದವು.

ಸಕ್ಕರೆಯ ನಾಡಿನವನಾದ್ದರಿಂದ ಒಂದು ಸಂಗತಿ ಹೇಳದೆ ಇರಲಾರೆ. 1981ರಲ್ಲಿ, ಅಂದರೆ ನಿಪ್ಪಾಣಿಯ ತಂಬಾಕು ರೈತರು ಹೆದ್ದಾರಿಯಲ್ಲಿ ಕೂತು ಚಳವಳಿ ಮಾಡಿದ ಅದೇ ವರ್ಷ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಿಚರ್ಡ್ ಕ್ನಟ್‌ಸನ್ ಎಂಬ ವೈದ್ಯ ಮತ್ತವರ ಸಂಗಡಿಗರು ಒಂದು ಲೇಖನ ಪ್ರಕಟಿಸಿದರು. ಐದು ವರ್ಷಗಳಲ್ಲಿ 605 ರೋಗಿಗಳ ಗಾಯಗಳಿಗೆ ಅವರು ಬಳಸಿದ್ದು ಪೊವಿಡೋನ್ ಅಯೋಡಿನ್ ಮತ್ತು ಸಕ್ಕರೆಯನ್ನು ಕಲಸಿದ ಪೇಸ್ಟು. ಸಕ್ಕರೆ ಗಾಯದ ನೀರನ್ನು ಹೀರಿ ಊತ ಇಳಿಸುತ್ತದೆ, ನೀರು ಸಿಗದ ಬ್ಯಾಕ್ಟೀರಿಯಾ ಬೆಳೆಯಲಾರದು, ಅಯೋಡಿನ್ ಉಳಿದ ಕೆಲಸ ಮಾಡುತ್ತದೆ. ಇದನ್ನು ಕಾಕಾನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, "ಅಂದ್ರ ಒಳಗಿನ ಸಕ್ಕರಿ ಕಾಲ ತಿಂತೈತಿ, ಹೊರಗಿನ ಸಕ್ಕರಿ ಕಾಲ ಉಳಸ್ತೈತಿ. ನಮ್ಮ ಫ್ಯಾಕ್ಟರಿಯವರಿಗೆ ತಿಳಸು, ರೇಟರ ಜಾಸ್ತಿ ಕೊಟ್ಟಾರು" ಎಂದ. ಅದು ವೈದ್ಯರ ಕೈಯ ಕೆಲಸ, ಮನೆಯಲ್ಲಿ ಕಲಸಿ ಹಚ್ಚುವುದಲ್ಲ ಎಂದು ಎರಡು ಸಲ ಹೇಳಬೇಕಾಯಿತು. ಈಗ ಕಾಕಾ ಹೊಲಕ್ಕೆ ಬೂಟು ಹಾಕಿಕೊಂಡೇ ಹೋಗುತ್ತಾನೆ. ರಾತ್ರಿ ಮಲಗುವ ಮುನ್ನ ಕಾಕಿ ಅವನ ಅಂಗಾಲನ್ನು ಬ್ಯಾಟರಿ ಹಿಡಿದು ನೋಡುತ್ತಾಳೆ. ಆಕೆ ಮಲಗಿದ್ದರೆ ಅವನೇ ದಾಡಿ ಮಾಡುವ ಕನ್ನಡಿಯನ್ನು ನೆಲಕ್ಕಿಟ್ಟು ನೋಡಿಕೊಳ್ಳುತ್ತಾನೆ.

ಆ ಟ್ಯೂಬಿನ ಮೇಲೆ ಎಲ್ಲವೂ ಬರೆದಿರುತ್ತದೆ. ಎಷ್ಟು ಶೇಕಡಾ, ಯಾರಿಗೆ ಕೂಡದು, ಹೊರಗೆ ಮಾತ್ರ ಹಚ್ಚಬೇಕು, ಯಾವ ತಿಂಗಳಿಗೆ ಅವಧಿ ಮುಗಿಯುತ್ತದೆ. ಆದರೆ ಅದು ಇರುವೆಯಂಥ ಅಕ್ಷರದ ಇಂಗ್ಲಿಷಿನಲ್ಲಿ. ಅದನ್ನು ಕೊಳ್ಳುವವರು ಕನ್ನಡ, ಮರಾಠಿ ಓದುವವರು, ಅಥವಾ ಬೀಡ್ ಕಡೆಯಿಂದ ಬಂದು ಹೊಲದ ಬದಿಯ ಗುಡಿಸಲಲ್ಲಿ ಹಂಗಾಮು ಕಳೆಯುವ, ಏನನ್ನೂ ಓದಲಾರದ ಕಬ್ಬು ಕಡಿಯುವವರು. ಕಳೆದ ಹಂಗಾಮಿನಲ್ಲಿ ಅಣ್ಣ ಒಂದು ಹೊಸ ರೂಢಿ ಮಾಡಿದ. ಟ್ಯೂಬಿನ ಜೊತೆ ಕೊಡುವ ಕಾಗದದ ಚೀಲದ ಮೇಲೆ ಪೆನ್ನಿನಿಂದ ಎರಡು ಚಿತ್ರ ಬರೆಯುತ್ತಾನೆ, ಮೊದಲು ಒಂದು ನಲ್ಲಿ, ಆಮೇಲೆ ಒಂದು ಟ್ಯೂಬು. ಕೆಳಗೆ ಕನ್ನಡದಲ್ಲಿ ಒಂದು ಸಾಲು, ಮರಾಠಿಯಲ್ಲಿ ಒಂದು ಸಾಲು: ಮೂರು ದಿನದಾಗ ಕಡಿಮಿ ಆಗಲಿಲ್ಲಂದ್ರ ಡಾಕ್ಟರ್ ಕಡೆ ಹೋಗ್ರಿ. ಚಿತ್ರ ಅಷ್ಟೇನೂ ಚೆನ್ನಾಗಿರುವುದಿಲ್ಲ. ನಲ್ಲಿ ಒಮ್ಮೊಮ್ಮೆ ಆನೆಯ ಸೊಂಡಿಲಿನಂತೆ ಕಾಣುತ್ತದೆ. ಈಚೆಗೆ ಕಬ್ಬು ಕಡಿಯುವ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದು, ಕೈಯಲ್ಲಿದ್ದ ಹಳೆಯ ಚೀಲ ತೋರಿಸಿ, ಈ ಆನೆಯ ಔಷಧ ಕೊಡಿ ಎಂದು ಮರಾಠಿಯಲ್ಲಿ ಕೇಳಿದಳಂತೆ. ಅಣ್ಣ ಎಂದಿನ ಮೂರು ಪ್ರಶ್ನೆ ಕೇಳಿದ. ಆಕೆ ಸಿಡುಕಲಿಲ್ಲ. ಅಂಗೈ ಬಿಚ್ಚಿ ತೋರಿಸಿದಳು. ಕೊಯ್ತಾದ ಏಟು ಸಣ್ಣದೇ ಇತ್ತು, ಮತ್ತು ಅದು ಚೆನ್ನಾಗಿ ತೊಳೆದ ಗಾಯವಾಗಿತ್ತು.